ಅಂಕಣದ ರೂಪಕ ಓದುಗರ ನಿಲುವನ್ನು ಬದಲಿಸುತ್ತದೆಯೇ?

ಅಂಕಣಕಾರರ ರೂಪಕಗಳು ಓದುಗರ ರಾಜಕೀಯ ನಿಲುವನ್ನು ನಿಜವಾಗಿ ಬದಲಿಸುತ್ತವೆಯೇ, ಇಲ್ಲವೇ ಅವು ಬರಿಯ ಅಲಂಕಾರವೇ ಎಂದು ತಾವು ಕೇಳಿದ್ದೀರಿ. ನಮ್ಮ ಮಂಗಳೂರಿನ ಓದುಗರಿಗೆ ಚಿರಪರಿಚಿತವಾದ, ನೇತ್ರಾವತಿ ನದಿಯನ್ನು ಸೇರುವ ಹೊಳೆಗಳ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಚರ್ಚೆಯನ್ನೇ ಗಮನಿಸಿ. ನೀರು ಸಮುದ್ರಕ್ಕೆ ಸುಮ್ಮನೆ ಪೋಲಾಗುತ್ತಿದೆ ಎಂದು ಬರೆಯುವವರ ಕೈಯಲ್ಲಿ, ಸುಮಾರು 24 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ತಿರುಗಿಸುವುದು ಸೋರಿಕೆ ತಡೆಯುವ ಜಾಣತನವಾಗಿ ಕಾಣುತ್ತದೆ. ನೇತ್ರಾವತಿಯನ್ನು ತಾಯಿ ಎಂದು ಕರೆಯುವವರ ಬರಹದಲ್ಲಿ ಅದೇ ಕಾಮಗಾರಿ ಹಿಂಸೆಯಾಗುತ್ತದೆ. ಎರಡರಲ್ಲೂ ವಾದ ಆರಂಭವಾಗುವ ಮೊದಲೇ ತೀರ್ಪು ಒಳಸೇರಿರುತ್ತದೆ, ಮತ್ತು ಅಳಿವೆಯ ಮೀನುಗಾರಿಕೆ, ಬೇಸಿಗೆಯ ಹರಿವು, ನೀರೆತ್ತುವ ವಿದ್ಯುತ್ತಿನ ವೆಚ್ಚ ಮುಂತಾದವು (ಓದಲು ಸಪ್ಪೆಯೆಂದೋ ಏನೋ) ಹಿಂದಕ್ಕೆ ಸರಿಯುತ್ತವೆ.

ಆದರೂ ಈ ಪ್ರಭಾವವನ್ನು ಉತ್ಪ್ರೇಕ್ಷಿಸಬಾರದು. 2011ರಲ್ಲಿ ಮನೋವಿಜ್ಞಾನಿಗಳಾದ ತಿಬೊಡೊ ಮತ್ತು ಬೊರೊಡಿಟ್ಸ್ಕಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಾಧವನ್ನು ಮೃಗವೆಂದು ಬಣ್ಣಿಸಿದ ಬರಹ ಓದಿದವರು, ವೈರಸ್ ಎಂದು ಬಣ್ಣಿಸಿದ್ದನ್ನು ಓದಿದವರಿಗಿಂತ ಹೆಚ್ಚಾಗಿ ಪೊಲೀಸ್ ಕ್ರಮದ ಕಡೆಗೆ ವಾಲಿದರು; 2014ರಲ್ಲಿ ಭಾಷಾ ಸಂಶೋಧಕ ಸ್ಟೀನ್ ಮತ್ತು ಸಂಗಡಿಗರು ಮರುಪರೀಕ್ಷಿಸಿದಾಗ ಆ ಪರಿಣಾಮ ಕಾಣಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಈಗಾಗಲೇ ಪಕ್ಷ ಹಿಡಿದವರಿಗಿಂತ ಇನ್ನೂ ನಿಲುವು ತಾಳದವರ ಮೇಲೆ, ಅದೂ ಒಂದೇ ರೂಪಕ ಹಲವು ಅಂಕಣಗಳಲ್ಲಿ ತಿಂಗಳುಗಟ್ಟಲೆ ಮರುಕಳಿಸಿದಾಗ, ಪರಿಣಾಮ ಹೆಚ್ಚು.