‘ಇಫ್’ ಇದ್ದಲ್ಲಿ ‘ವಿಲ್’ ಏಕೆ ಬಾರದು?

ಓದುಗರ ಪ್ರಶ್ನೆ, ನಮ್ಮ ಉತ್ತರ: ಇಂಗ್ಲಿಷ್ ವ್ಯಾಕರಣ

ಈ ಸಲದ ಪ್ರಶ್ನೆಗಳೆಲ್ಲ ಇಫ್, ವೆನ್, ಬಟ್‌ಗಳಂಥ ಕಂಜಂಕ್ಷನ್‌ಗಳು (ಮಾತುಗಳನ್ನು ಜೋಡಿಸುವ ಪದಗಳು) ಮತ್ತು ವಿಲ್, ಕ್ಯಾನ್, ಮಸ್ಟ್‌ಗಳಂಥ ಮೋಡಲ್ ಕ್ರಿಯಾಪದಗಳು (ಸಾಮರ್ಥ್ಯ, ಅನಿವಾರ್ಯ, ಸಾಧ್ಯತೆಗಳಂಥದ್ದನ್ನು ಹೇಳುವ ಸಹಾಯಕ ಕ್ರಿಯಾಪದಗಳು) ಒಂದೇ ವಾಕ್ಯದಲ್ಲಿ ಕೂಡಿದಾಗ ಆಗುವ ತೊಡಕಿನ ಬಗ್ಗೆ.

ಪ್ರಶ್ನೆ: ‘ಇಫ್ ಇಟ್ ವಿಲ್ ರೇನ್, ದ ಮ್ಯಾಚ್ ವಿಲ್ ಸ್ಟಾಪ್’ ಎಂದು ಬರೆದರೆ ಮೊದಲನೆಯ ‘ವಿಲ್’ ತಪ್ಪು ಎನ್ನುತ್ತಾರೆ. ಮಳೆ ಬರುವುದೂ ಪಂದ್ಯ ನಿಲ್ಲುವುದೂ ಎರಡೂ ಮುಂದೆ ಆಗುವುದೇ ತಾನೆ?

ಉತ್ತರ: ಹೌದು. ಆದರೆ ಅದು ಮುಂದಿನ ಮಾತು ಎಂಬುದನ್ನು ಇಂಗ್ಲಿಷ್ ಮುಖ್ಯ ವಾಕ್ಯದಲ್ಲಿ ಒಮ್ಮೆ ಹೇಳಿ ಸುಮ್ಮನಾಗುತ್ತದೆ. ಇಫ್, ಅನ್‌ಲೆಸ್, ವೆನ್, ಅನ್‌ಟಿಲ್, ಬಿಫೋರ್, ಆಫ್ಟರ್, ಆ್ಯಸ್ ಸೂನ್ ಆ್ಯಸ್, ಇನ್ ಕೇಸ್: ಇವುಗಳ ನಂತರ ಬರುವ ಕ್ರಿಯಾಪದ ಮುಂದಿನ ಕಾಲದ ಮಾತಾದರೂ ಪ್ರೆಸೆಂಟ್ ರೂಪದಲ್ಲೇ ಇರುತ್ತದೆ. ‘ಇಫ್ ಇಟ್ ರೇನ್ಸ್, ದ ಮ್ಯಾಚ್ ವಿಲ್ ಸ್ಟಾಪ್.’ ‘ಐ ವಿಲ್ ಕಾಲ್ ಯು ವೆನ್ ಐ ರೀಚ್ ಹೋಮ್.’

ಇದನ್ನು ಕಲಿತವರು ಮಾಡುವ ಮುಂದಿನ ತಪ್ಪು, ಇಫ್ ಭಾಗದಲ್ಲಿ ಯಾವ ಮೋಡಲ್ ಕೂಡ ಬಾರದು ಎಂದುಕೊಳ್ಳುವುದು. ತಡೆ ಇರುವುದು ಬರೀ ಭವಿಷ್ಯವನ್ನು ಹೇಳುವ ವಿಲ್‌ಗೆ. ‘ಇಫ್ ಯು ಕ್ಯಾನ್ ಕಮ್, ಐ ವಿಲ್ ವೇಟ್’, ‘ಇಫ್ ಯು ಮಸ್ಟ್ ಗೋ, ಗೋ ನೌ’ ಎರಡೂ ಸರಿ. ಕ್ಯಾನ್ ಸಾಮರ್ಥ್ಯವನ್ನೂ ಮಸ್ಟ್ ಅನಿವಾರ್ಯವನ್ನೂ ಹೇಳುತ್ತಿವೆ, ಅವನ್ನು ತೆಗೆದರೆ ಅರ್ಥವೇ ಹೋಗುತ್ತದೆ. ಹಾಗೆಯೇ ಬಿಕಾಸ್, ಆಲ್‌ದೋ, ಬಟ್, ಸೋ ಇವುಗಳಿಗೆ ಈ ನಿಯಮ ಅನ್ವಯಿಸದು. ‘ಟೇಕ್ ಎ ಕೋಟ್ ಬಿಕಾಸ್ ಇಟ್ ವಿಲ್ ಬಿ ಕೋಲ್ಡ್’ ಎನ್ನಲು ಅಡ್ಡಿಯಿಲ್ಲ.

ಪ್ರಶ್ನೆ: ಹಾಗಾದರೆ ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’ ಎಂಬ ವಾಕ್ಯ ಹೇಗೆ ಸರಿ? ‘ಇಫ್ ಯು ವಿಲ್ ವೇಟ್’ ಎಂದೂ ಓದಿದ್ದೇನೆ.

ಉತ್ತರ: ಮೊದಲನೆಯದರಲ್ಲಿ ಇರುವುದು ಷರತ್ತಿನ ಇಫ್ ಅಲ್ಲ, ಸಂದೇಹದ ಇಫ್. ಅದರ ಜಾಗದಲ್ಲಿ ‘ಹೌದೋ ಅಲ್ಲವೋ’ ಎಂಬರ್ಥದ ‘ವೆದರ್’ (whether) ಇಟ್ಟರೂ ವಾಕ್ಯ ಕೆಡುವುದಿಲ್ಲ. ಕನ್ನಡದವರಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಇಫ್ ಮತ್ತು ವೆನ್ ಇರುವ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ಬಾಯಿಗೆ ‘ಬಂದರೆ’, ‘ಬಂದಾಗ’ ಎಂದು ಬಂದರೆ ವಿಲ್ ಬೇಡ. ‘ಬರುತ್ತಾನೋ ಇಲ್ಲವೋ’, ‘ಯಾವಾಗ ಬರುತ್ತಾನೋ’ ಎಂದು ಬಂದರೆ ವಿಲ್ ಇರಲಿ. ‘ಅವನು ಬಂದಾಗ ಹೇಳು’ ಎಂಬುದು ‘ಟೆಲ್ ಮಿ ವೆನ್ ಹಿ ಕಮ್ಸ್’. ‘ಅವನು ಯಾವಾಗ ಬರುತ್ತಾನೋ ಗೊತ್ತಿಲ್ಲ’ ಎಂಬುದು ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’. ವೆನ್ ಎರಡರಲ್ಲೂ ಅದೇ, ಮಾಡುತ್ತಿರುವ ಕೆಲಸ ಬೇರೆ. ಇಫ್, ವೆನ್ ಬಿಟ್ಟು ಬೇರೆ ಕಂಜಂಕ್ಷನ್‌ಗಳಿಗೆ ಈ ಪರೀಕ್ಷೆಯನ್ನು ಎಳೆಯಬೇಡಿ. ಬಿಕಾಸ್ ಬಂದ ಕೂಡಲೇ ಇದು ಕೈಕೊಡುತ್ತದೆ.

ಎರಡನೆಯ ವಾಕ್ಯದ ವಿಲ್ ಕಾಲವನ್ನು ಹೇಳುವುದೇ ಇಲ್ಲ, ಮನಸ್ಸನ್ನು ಹೇಳುತ್ತದೆ. ‘ಇಫ್ ಯು ವಿಲ್ ವೇಟ್ ಎ ಮಿನಿಟ್, ಐ ವಿಲ್ ಕಾಲ್ ಹಿಮ್’ ಎಂದರೆ ತಾವು ಒಂದು ನಿಮಿಷ ಕಾಯಲು ಒಪ್ಪುವಿರಾದರೆ ಎಂಬ ವಿನಯ. ‘ಇಫ್ ಹಿ ವೋಂಟ್ ಲಿಸನ್’ ಎಂದರೆ ಮಾತು ಕೇಳಲು ಅವನು ಒಪ್ಪದಿದ್ದರೆ ಎಂಬ ಬೇಸರ. ಮಳೆಗೆ ಒಪ್ಪುವ ಬಿಡುವ ಮನಸ್ಸಿಲ್ಲ, ಆದ್ದರಿಂದ ಮಳೆಯ ವಾಕ್ಯಕ್ಕೆ ಈ ರಿಯಾಯಿತಿ ಸಿಗದು.

ಪ್ರಶ್ನೆ: ‘ಇಫ್ ಐ ವುಡ್ ಹ್ಯಾವ್ ನೋನ್, ಐ ವುಡ್ ಹ್ಯಾವ್ ಕಮ್’ ಎಂದು ಇಂಗ್ಲಿಷ್ ಮಾತೃಭಾಷೆಯವರೂ ಆಡುವುದನ್ನು ಕೇಳಿದ್ದೇನೆ.

ಉತ್ತರ: ಆಡುತ್ತಾರೆ, ಅದರಲ್ಲೂ ಅಮೆರಿಕದ ಆಡುಮಾತಿನಲ್ಲಿ. ಬರೆಯುವಾಗ ಬೇಡ, ಪರೀಕ್ಷೆಯಲ್ಲಂತೂ ಬೇಡವೇ ಬೇಡ. ಸರಿಯಾದದ್ದು ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’. ‘ಗೊತ್ತಿದ್ದಿದ್ದರೆ ಬರುತ್ತಿದ್ದೆ’ ಎನ್ನುತ್ತೇವಲ್ಲ, ಆ ‘ಗೊತ್ತಿದ್ದಿದ್ದರೆ’ಯ ಪಾಲಿಗೆ ಹ್ಯಾಡ್, ‘ಬರುತ್ತಿದ್ದೆ’ಯ ಪಾಲಿಗೆ ವುಡ್ ಹ್ಯಾವ್. ಮುಖ್ಯ ವಾಕ್ಯದಲ್ಲಿ ಮೋಡಲ್ ಬದಲಾದರೆ ಖಚಿತತೆಯೂ ಬದಲಾಗುತ್ತದೆ: ‘ಕುಡ್ ಹ್ಯಾವ್ ಕಮ್’ ಎಂದರೆ ಬರಲು ಆಗುತ್ತಿತ್ತು, ‘ಮೈಟ್ ಹ್ಯಾವ್ ಕಮ್’ ಎಂದರೆ ಬರುತ್ತಿದ್ದೆನೇನೋ.

ಇಫ್ ಅನ್ನು ಕೈಬಿಡುವ ದಾರಿಯೂ ಇದೆ. ಆಗ ಹ್ಯಾಡ್ ಅಥವಾ ಶುಡ್ ಕರ್ತೃವಿಗಿಂತ ಮುಂದೆ ಬಂದು ಇಫ್‌ನ ಕೆಲಸವನ್ನೂ ತಾನೇ ಹೊರುತ್ತದೆ. ‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಕಮ್.’ ‘ಶುಡ್ ಯು ನೀಡ್ ಹೆಲ್ಪ್, ಕಾಲ್ ಮಿ.’ ಇದು ಪತ್ರ, ಸೂಚನಾ ಫಲಕಗಳ ಧಾಟಿ. ಗೆಳೆಯರ ನಡುವೆ ಅತಿಯಾಗಿ ಕೇಳಿಸುತ್ತದೆ. ಮುಂದೆ ತಂದ ಮೇಲೆ ಇಫ್ ಅನ್ನೂ ಉಳಿಸಿಕೊಂಡು ‘ಇಫ್ ಶುಡ್ ಯು ನೀಡ್’ ಎಂದು ಬರೆಯುವುದು ತಪ್ಪು.

ಪ್ರಶ್ನೆ: ಸೋ ದಟ್ ಬಂದಾಗ ಕ್ಯಾನ್ ಬಳಸಬೇಕೋ ಕುಡ್ ಬಳಸಬೇಕೋ?

ಉತ್ತರ: ಮುಖ್ಯ ಕ್ರಿಯಾಪದವನ್ನು ನೋಡಿ. ಅದು ಪ್ರೆಸೆಂಟ್ ಅಥವಾ ಫ್ಯೂಚರ್ ಆದರೆ ಕ್ಯಾನ್, ವಿಲ್, ಮೇ. ಪಾಸ್ಟ್ ಆದರೆ ಕುಡ್, ವುಡ್, ಮೈಟ್. ‘ಶಿ ಸ್ಪೀಕ್ಸ್ ಸ್ಲೋಲಿ ಸೋ ದಟ್ ಎವೆರಿವನ್ ಕ್ಯಾನ್ ಫಾಲೋ.’ ‘ಶಿ ಸ್ಪೋಕ್ ಸ್ಲೋಲಿ ಸೋ ದಟ್ ಎವೆರಿವನ್ ಕುಡ್ ಫಾಲೋ.’

ಪ್ರಶ್ನೆ: ‘ಆಲ್‌ದೋ ಹಿ ಮೇ ಬಿ ಯಂಗ್, ಬಟ್ ಹಿ ಈಸ್ ವೈಸ್’ ಸರಿಯೇ?

ಉತ್ತರ: ಆಲ್‌ದೋ ಮತ್ತು ಬಟ್ ಎರಡರಲ್ಲಿ ಒಂದು ಸಾಕು. ‘ಹಿ ಮೇ ಬಿ ಯಂಗ್, ಬಟ್ ಹಿ ಈಸ್ ವೈಸ್’ ಎಂದು ಬರೆಯಿರಿ. ಇಲ್ಲಿನ ಮೇ ಸಂಶಯವಲ್ಲ, ‘ಚಿಕ್ಕವನಿರಬಹುದು, ಆದರೆ’ ಎಂದು ಎದುರಿನವರ ಮಾತನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುವ ವರಸೆ. ವಾದ ಮಾಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಒಂದು ಮೋಡಲ್ ಎರಡು ಕ್ರಿಯಾಪದಗಳಿಗೆ ಸಾಕೇ? ಅವನ್ನು ಜೋಡಿಸಲು ಆ್ಯಂಡ್ ಬೇಕೋ ಆರ್ ಬೇಕೋ?

ಉತ್ತರ: ಸಾಕು. ಆದರೆ ಮೋಡಲ್‌ನ ಹಿಡಿತ ಆ್ಯಂಡ್ ದಾಟಿಯೂ ಮುಂದುವರಿಯುತ್ತದೆ, ಆದ್ದರಿಂದ ಎರಡನೆಯ ಕ್ರಿಯಾಪದವೂ ಮೂಲರೂಪದಲ್ಲೇ ಇರಬೇಕು. ‘ಶಿ ಕ್ಯಾನ್ ಸಿಂಗ್ ಆ್ಯಂಡ್ ಡಾನ್ಸ್’ ಎಂದರೆ ಹಾಡಲೂ ಕುಣಿಯಲೂ ಬಲ್ಲಳು. ‘ಡಾನ್ಸಸ್’ ಎಂದು ಬರೆದರೆ ಕುಣಿತ ಕ್ಯಾನ್‌ನಿಂದ ಕಳಚಿಕೊಳ್ಳುತ್ತದೆ. ಎರಡು ಮೋಡಲ್‌ಗಳೇ ಬೇಕಾದರೆ ನಡುವೆ ಆ್ಯಂಡ್ ಇಡಿ: ‘ವಿ ಕ್ಯಾನ್ ಆ್ಯಂಡ್ ಮಸ್ಟ್ ಫಿನಿಶ್ ಇಟ್’. ಏನೂ ಇಡದೆ ‘ವಿಲ್ ಕ್ಯಾನ್’ ಎಂದು ಪೋಣಿಸಲಾಗದು. ಅಲ್ಲಿ ‘ವಿಲ್ ಬಿ ಏಬಲ್ ಟು’.

ನಾಟ್ ಸೇರಿದಾಗ ಎಚ್ಚರ ಬೇಕು. ‘ಯು ಮಸ್ಟ್ ನಾಟ್ ಡ್ರಿಂಕ್ ಆ್ಯಂಡ್ ಡ್ರೈವ್’ ಎಂದರೆ ಕುಡಿದು ವಾಹನ ಓಡಿಸಬಾರದು. ನಿಷೇಧ ಎರಡೂ ಕೂಡಿದ್ದಕ್ಕೆ. ‘ಯು ಮಸ್ಟ್ ನಾಟ್ ಡ್ರಿಂಕ್ ಆರ್ ಡ್ರೈವ್’ ಎಂದರೆ ಕುಡಿಯಲೂಬಾರದು, ಓಡಿಸಲೂಬಾರದು. ವೈದ್ಯರು ರೋಗಿಗೆ ಹೇಳುವುದು ಎರಡನೆಯದು, ರಸ್ತೆ ಬದಿಯ ಫಲಕದಲ್ಲಿ ಇರಬೇಕಾದದ್ದು ಮೊದಲನೆಯದು.

ಪ್ರಶ್ನೆ: ‘ವಾಕ್ ಸ್ಲೋಲಿ ಲೆಸ್ಟ್ ಯು ಶುಡ್ ನಾಟ್ ಫಾಲ್’ ಎಂಬಲ್ಲಿ ತಪ್ಪೇನು?

ಉತ್ತರ: ‘ಬೀಳದಂತೆ’ಯಲ್ಲಿರುವ ‘ದ’ ಲೆಸ್ಟ್‌ನ ಹೊಟ್ಟೆಯಲ್ಲೇ ಇದೆ, ಮೇಲೆ ನಾಟ್ ಹಾಕಿದರೆ ಬೀಳುವಂತೆ ನಡೆ ಎಂದಾಗುತ್ತದೆ. ‘ಲೆಸ್ಟ್ ಯು ಶುಡ್ ಫಾಲ್’ ಅಥವಾ ಶುಡ್ ಬಿಟ್ಟು ‘ಲೆಸ್ಟ್ ಯು ಫಾಲ್’ ಎನ್ನಿ. ‘ಅನ್‌ಲೆಸ್ ಯು ಡೋಂಟ್ ಸ್ಟಡಿ, ಯು ವಿಲ್ ಫೇಲ್’ ಎಂಬುದರಲ್ಲಿ ಇರುವುದೂ ಇದೇ ದೋಷ. ಅಲ್ಲಿ ‘ಅನ್‌ಲೆಸ್ ಯು ಸ್ಟಡಿ’ ಸಾಕು. ಲೆಸ್ಟ್ ಈಗ ಹಳೆಯ ಧಾಟಿಯ ಬರವಣಿಗೆಗೇ ಹೆಚ್ಚಾಗಿ ಉಳಿದಿದೆ. ದಿನಬಳಕೆಗೆ ‘ವಾಕ್ ಸ್ಲೋಲಿ ಸೋ ದಟ್ ಯು ಡೋಂಟ್ ಫಾಲ್’ ಎಂದರಾಯಿತು, ಅಲ್ಲಿ ಮಾತ್ರ ನಾಟ್ ಇರಲೇಬೇಕು.