ಕಾವೇರಿ ದಡದಲ್ಲಿ ಟೆಂಟು, ಗಾಳ?

ಪ್ರಶ್ನೆ: ಬೆಂಗಳೂರಿಂದ ನಾವು ನಾಲ್ಕು ಜನ ಫ್ರೆಂಡ್ಸು ಭೀಮೇಶ್ವರಿ ಕಡೆ ಹೋಗಿ, ಗಾಳಿ ತುಂಬೋ ದೋಣೀಲಿ ಕಾವೇರಿಗೆ ಇಳಿದು, ರಾತ್ರಿ ದಡದಲ್ಲೇ ಟೆಂಟ್ ಹಾಕಿ ಮೀನು ಹಿಡಿಬೇಕು ಅಂತಿದೀವಿ, ಆಗುತ್ತಾ ಸರ್?
– ಓದುಗರು, ವಿಜಯನಗರ

ಉತ್ತರ: ಆಸೆ ಅರ್ಥ ಆಗುತ್ತೆ, ಆದ್ರೆ ದಯವಿಟ್ಟು ಹಾಗೆ ಹೋಗ್ಬೇಡಿ. ಅದು ಕಾವೇರಿ ವನ್ಯಜೀವಿಧಾಮ, ಅನುಮತಿ ಇಲ್ದೆ ಟೆಂಟೂ ಇಲ್ಲ ಗಾಳಾನೂ ಇಲ್ಲ. ಅಲ್ಲಿನ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ತೀವ್ರ ಅಪಾಯದಲ್ಲಿರೋ ಜೀವಿಗಳ ಪಟ್ಟೀಲಿದೆ, ಉಳಿದಿರೋ ಒಂದೊಂದು ಮೀನೂ ಮುಖ್ಯ. ನೀರಲ್ಲಿ ಮೊಸಳೆ ಇದಾವೆ, ಮೇಲಿನ ಅಣೆಕಟ್ಟಿಂದ ನೀರು ಬಿಟ್ರೆ ಹೊಳೆ ದಿಢೀರ್ ಏರುತ್ತೆ, ಮಲಗಿದ್ದೋರಿಗೆ ಗೊತ್ತೂ ಆಗಲ್ಲ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಕ್ಯಾಂಪಲ್ಲಿ ಉಳ್ಕೊಂಡು, ಲೈಫ್ ಜಾಕೆಟ್ ಹಾಕಿ, ಬಿದಿರು ಹೆಣೆದ ತೆಪ್ಪದಲ್ಲಿ ಹೋಗಿ, ಹುಟ್ಟು ಹಾಕೋ ಅಣ್ಣಂಗೆ ಸುಳಿ ಎಲ್ಲಿದೆ ಅಂತ ಗೊತ್ತಿರುತ್ತೆ. ಬೆಳಿಗ್ಗೆ ಬೇಗ ಇಳಿದ್ರೆ ನೀರುನಾಯಿ ಕಂಡ್ರೂ ಕಾಣಬಹುದು.