ಕಾಲು ಉದ್ದ ಮಾಡಿಸಿದ ಮೇಲೆ ಕಬಡ್ಡಿ ಆಡಬಹುದಾ?

ತಮ್ಮನ ಒಂದು ಕಾಲು 4 ಸೆಂಟಿಮೀಟರ್ ಗಿಡ್ಡ, ಆಪರೇಷನ್ ಮಾಡಿಸಿದರೆ ಆರು ತಿಂಗಳಲ್ಲಿ ಕಬಡ್ಡಿ ಆಡುತ್ತಾನಾ ಅಂತ ಕೇಳಿದ್ದೀರಿ. ಆರು ತಿಂಗಳಿಗೆ ಕಷ್ಟ ಕಣ್ರೀ. ಮೂಳೆ ಕತ್ತರಿಸಿ, ಎರಡು ತುಂಡುಗಳನ್ನು ಮೆಲ್ಲಗೆ ದೂರ ಎಳೆಯುವುದೇ ದಿನಕ್ಕೆ ಸುಮಾರು 1 ಮಿಲಿಮೀಟರ್. ನನಗೆ ರಿಂಗ್ (ಕಾಲಿನ ಸುತ್ತ ಹೊರಗಿಂದ ಕೂರಿಸಿ, ತಂತಿಗಳಿಂದ ಮೂಳೆಗೆ ಬಿಗಿಯುವ ಲೋಹದ ಬಳೆಗಳು) ಹಾಕಿದ್ದಾಗ ದಿನಕ್ಕೆ ನಾಲ್ಕು ಸಲ ಅಮ್ಮನೇ ಸ್ಪ್ಯಾನರ್ ಹಿಡಿದು ನಟ್ಟು ತಿರುಗಿಸುತ್ತಿದ್ದರು. ಸಲಕ್ಕೆ ಕಾಲು ಮಿಲಿಮೀಟರ್. (ಕಾಲಿಗೆ ಕಾಲು ಅಂತ ನಗುತ್ತಿದ್ದೆವು.) ಎಳೆದು ಮುಗಿದ ಮೇಲೆ ಹೊಸ ಮೂಳೆ ಗಟ್ಟಿಯಾಗಲು ಇನ್ನೂ ತಿಂಗಳುಗಟ್ಟಲೆ ಬೇಕು.

ಆದರೆ ಮೂಳೆಗಿಂತ ಜಾಸ್ತಿ ಕಾಡುವುದು ಮೀನಖಂಡ. ಮೊಣಕಾಲ ಕೆಳಗೆ ಎಳೆದರೆ ಅದು ಬಿಗಿದು, ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ಪಾದಕ್ಕೆ ಟವೆಲ್ ಸುತ್ತಿ ಎಳೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಫಿಸಿಯೋಥೆರಪಿ ಬಿಟ್ಟರೆ ರೇಡ್‌ಗೆ ಬೇಕಾದ ಚಿಮ್ಮುವ ಶಕ್ತಿ ಎಲ್ಲಿಂದ ಬರಬೇಕು?

ಸೋವಿಯತ್ ಹೈಜಂಪ್ ಆಟಗಾರ ವಲೇರಿ ಬ್ರುಮೆಲ್ 1963ರಲ್ಲಿ 2.28 ಮೀಟರ್ ಹಾರಿದ್ದರು. 1965ರ ಬೈಕ್ ಅಪಘಾತದಲ್ಲಿ ಕಾಲು ನುಜ್ಜುಗುಜ್ಜಾಯಿತು. ಈ ರಿಂಗ್ ಕಂಡುಹಿಡಿದ ಸೋವಿಯತ್ ವೈದ್ಯ ಇಲಿಜರೋವ್ ಅವರೇ ಚಿಕಿತ್ಸೆ ಕೊಟ್ಟರು. ಆಮೇಲೆ 2 ಮೀಟರ್ ದಾಟಿದರು, ಹಳೆಯ ಎತ್ತರ ಮಾತ್ರ ಮತ್ತೆ ಸಿಗಲಿಲ್ಲ.

ಅಂದಹಾಗೆ, ತಮ್ಮನಿಗೆ ಗಿಡ್ಡ ಇರುವುದು ತೊಡೆಯ ಮೂಳೆಯಾ, ಮೊಣಕಾಲ ಕೆಳಗಿನದಾ?